ಅಜ್ಜಿಯ ಸೆರಗಿನ ಗಂಟು: ಮೂರು ದಿನ, ಹದಿನೇಳು ಜಾಗ

ಮಕ್ಕಳೇ, ನಿಮ್ಮ ಪಕ್ಕದಲ್ಲಿ ಕೂತು ಅಜ್ಜ-ಅಜ್ಜಿಯರು ಕನ್ನಡಕ ಹುಡುಕುತ್ತಿದ್ದಾರೆಯೇ? ಕನ್ನಡಕ ಅವರ ತಲೆಯ ಮೇಲೇ ಇದೆಯೋ ಏನೋ, ಒಮ್ಮೆ ನೋಡಿ. ಸಿಕ್ಕಿತೇ? ಸರಿ, ಈ ವಾರದ ಗಂಟು ಬಿಚ್ಚೋಣ.

ನಮ್ಮ ದೊಡ್ಡ ಮೊಮ್ಮಗ ಫಿಲಿಪ್ಪೀನ್ಸ್ ದೇಶದ ಸೆಬು ಎಂಬ ಕಡಲತೀರದ ಊರಿನಲ್ಲಿ ಡಾಕ್ಟರ್ ಓದುತ್ತಿದ್ದಾನೆ. ನಮ್ಮ ಕಡೆಯ ಎಷ್ಟೋ ಮಕ್ಕಳು ಈಗ ಆ ದೇಶಕ್ಕೆ ಓದಲು ಹೋಗುತ್ತಾರೆ. ಅವನು ಮನೆಗೆ ಬಂದು ಎರಡು ವರ್ಷವಾಯಿತು. ಏಪ್ರಿಲ್‌ನಲ್ಲಿ ಅವನಿಗೆ ಬಿಡುವು ಇದೆಯಂತೆ, ಆದರೆ ಮೂರೇ ದಿನ. ಬಂದು ಹೋಗುವುದರಲ್ಲೇ ಅದು ಮುಗಿದುಹೋಗುತ್ತದೆ. "ಅವನು ಬರಲು ಆಗದಿದ್ದರೆ ನಾವೇ ಹೋಗಿ ನೋಡಿಕೊಂಡು ಬರೋಣ" ಎಂದಳು ನನ್ನ ಮಗಳು. ಅವಳು, ಅವಳ ಚಿಕ್ಕ ಮಗಳು ಪುಟ್ಟಿ, ಅಜ್ಜ, ನಾನು. ನಾಲ್ಕು ಜನ, ಮೂರು ದಿನ.

ಪುಟ್ಟಿಗೆ ಆರನೇ ಕ್ಲಾಸು. "ಪ್ಲಾನ್ ಮಾಡೋ ಕೆಲಸ ನಂದು" ಎಂದು ಹೊಸ ನೋಟ್‌ಬುಕ್ ತೆಗೆದುಕೊಂಡು ಕೂತಳು. ಒಂದು ವಾರ ಅಟ್ಲಾಸು, ಅಮ್ಮನ ಫೋನು, ಅಣ್ಣನ ವಿಡಿಯೋ ಕಾಲು ಎಲ್ಲವನ್ನೂ ಹಿಂಡಿ, ಹದಿನೇಳು ಜಾಗಗಳ ಪಟ್ಟಿ ಮಾಡಿದಳು. ಭಾನುವಾರ ಊಟವಾದ ಮೇಲೆ ಅಜ್ಜನ ಕೈಗೆ ಕೊಟ್ಟಳು.

ಮೊದಲ ದಿನ ನಸುಕಿನ ಮೂರು ಗಂಟೆಗೆ ಎದ್ದು ಓಸ್ಲೋಬ್ ಎಂಬ ಊರಿಗೆ. ಅಲ್ಲಿ ತಿಮಿಂಗಿಲ ಶಾರ್ಕ್ ನೋಡುವುದು. ಬರುವ ದಾರಿಯಲ್ಲಿ ಕಾವಾಸನ್ ಜಲಪಾತ. ಎರಡನೇ ದಿನ ಹಡಗಿನಲ್ಲಿ ಪಕ್ಕದ ಬೊಹೋಲ್ ದ್ವೀಪಕ್ಕೆ. ಅಲ್ಲಿನ ಚಾಕೊಲೇಟ್ ಗುಡ್ಡಗಳು, ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಟಾರ್ಸಿಯರ್ ಪ್ರಾಣಿ. ಮೂರನೇ ದಿನ ಕೋಟೆ, ಚರ್ಚು, ಬೆಟ್ಟದ ಮೇಲಿನ ಟಾವೊ ದೇವಾಲಯ, ಸಂತೆ, ಗಿಟಾರ್ ಅಂಗಡಿ... ಪ್ರತಿ ದಿನದ ಕೊನೆಗೆ ದುಂಡು ಅಕ್ಷರದಲ್ಲಿ ಒಂದು ಸಾಲು: "ಅಜ್ಜ – ರೂಮಿನಲ್ಲಿ ವಿಶ್ರಾಂತಿ."

ಅಜ್ಜ ಪೂರ್ತಿ ಓದಿದರು. ನೋಟ್‌ಬುಕ್ ಮಡಚಿ ವಾಪಸು ಕೊಟ್ಟರು. "ತುಂಬಾ ಚೆನ್ನಾಗಿ ಬರೆದಿದ್ದೀಯ ಪುಟ್ಟಿ. ನೀವು ಮೂವರೂ ಹೋಗಿ ಬನ್ನಿ. ನಾನು ಇಲ್ಲೇ ತೋಟ ನೋಡಿಕೊಂಡು ಇರ್ತೇನೆ" ಎಂದು ಎದ್ದು ಹೋದರು. ನಮ್ಮ ತೋಟ ನೋಡಿಕೊಳ್ಳಲು ಜನ ಇದ್ದಾರೆ. ಅದು ಅವರಿಗೂ ಗೊತ್ತು, ನಮಗೂ ಗೊತ್ತು.

ಪುಟ್ಟಿಗೆ ಏನೂ ತಿಳಿಯಲಿಲ್ಲ. "ಅಜ್ಜನಿಗೆ ಮಂಡಿ ನೋವು ಅಂತ ತಾನೇ ನಾನು ವಿಶ್ರಾಂತಿ ಬರೆದಿದ್ದು!" ಎಂದಳು. ಅವಳ ಮನಸ್ಸಿನಲ್ಲಿ ಪ್ರೀತಿ ಇತ್ತು, ಸುಳ್ಳಲ್ಲ. ನಾನು ಬೈಯಲಿಲ್ಲ. "ಅಜ್ಜ ಎಷ್ಟು ದಿನ ರೂಮಿನಲ್ಲಿದ್ದಾರೆ ಎಣಿಸು" ಎಂದೆ.

"ಮೂರು ದಿನ."

"ಹೋಗುವುದು ಒಟ್ಟು ಎಷ್ಟು ದಿನಕ್ಕೆ?"

ಅವಳು ಉತ್ತರ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅಜ್ಜಿ, ರಬ್ಬರ್ ಕೊಡು" ಎಂದಳು.

ಮಕ್ಕಳೇ, ಸಣ್ಣ ಪ್ರವಾಸದ ಯೋಜನೆ ಎಂದರೆ ಸೇರಿಸುವ ಲೆಕ್ಕವಲ್ಲ, ಕಳೆಯುವ ಲೆಕ್ಕ. ನಾವು ಹೇಗೆ ಕಳೆದೆವು ಎಂದು ಹೇಳುತ್ತೇನೆ.

ಮೊದಲು ನಕ್ಷೆ. ನಿಮ್ಮ ಅಟ್ಲಾಸಿನಲ್ಲಿ ಆಗ್ನೇಯ ಏಷ್ಯಾದ ಪುಟ ತೆಗೆಯಿರಿ. ವಿಯೆಟ್ನಾಂ ದಾಟಿ ಪೂರ್ವಕ್ಕೆ ಹೋದರೆ ಸಮುದ್ರದಲ್ಲಿ ಅರಳು ಚೆಲ್ಲಿದ ಹಾಗೆ ಕಾಣುವುದೇ ಫಿಲಿಪ್ಪೀನ್ಸ್. ಒಟ್ಟು 7,600ಕ್ಕೂ ಹೆಚ್ಚು ದ್ವೀಪಗಳು! ಅವುಗಳ ನಡುಮಧ್ಯದಲ್ಲಿ, ನುಗ್ಗೆಕಾಯಿಯ ಹಾಗೆ ಉದ್ದಕ್ಕೆ ಸಣ್ಣಗೆ ಮಲಗಿರುವ ದ್ವೀಪ ಸೆಬು. ಉದ್ದ ಸುಮಾರು 200 ಕಿಲೋಮೀಟರ್. ಊರಿನ ಹೆಸರೂ ಸೆಬು. ವಿಮಾನ ಇಳಿಯುವುದು ಮಾತ್ರ ಎದುರಿಗಿರುವ ಮಾಕ್ತಾನ್ ಎಂಬ ಪುಟ್ಟ ದ್ವೀಪದಲ್ಲಿ. ಅಲ್ಲಿಂದ ಸೇತುವೆ ದಾಟಿ ಊರಿಗೆ ಹೋಗಬೇಕು.

ಪುಟ್ಟಿಯ ಹದಿನೇಳು ಜಾಗಗಳನ್ನು ನಕ್ಷೆಯ ಮೇಲೆ ಗುರುತು ಮಾಡಿದೆವು. ಓಸ್ಲೋಬ್ ದ್ವೀಪದ ದಕ್ಷಿಣದ ತುದಿಯ ಹತ್ತಿರ, ಊರಿನಿಂದ ಮೂರು-ನಾಲ್ಕು ಗಂಟೆಯ ದಾರಿ. ಬೊಹೋಲಿಗೆ ಹಡಗಿನಲ್ಲಿ ಎರಡು ಗಂಟೆ, ಬರಲು ಇನ್ನೆರಡು. ಟಾವೊ ದೇವಾಲಯಕ್ಕೆ 81 ಮೆಟ್ಟಿಲು. ಪುಟ್ಟಿ ಬರೀ ಪ್ರಯಾಣದ ಹೊತ್ತನ್ನು ಕೂಡಿಸಿ ನೋಡಿದಳು. ಎಚ್ಚರ ಇರುವ ಹೊತ್ತಿನಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಬಸ್ಸು, ಹಡಗಿನಲ್ಲೇ ಕಳೆಯುತ್ತಿತ್ತು. "ಅಣ್ಣನ ಜೊತೆ ಮಾತಾಡೋದು ಯಾವಾಗ?" ಎಂದು ತನ್ನನ್ನೇ ಕೇಳಿಕೊಂಡಳು. ಬೊಹೋಲ್ ಹೋಯಿತು. ಜಲಪಾತ ಹೋಯಿತು. ಮೆಟ್ಟಿಲುಗಳೂ ಹೋದವು.

ಆದರೆ ತಿಮಿಂಗಿಲ ಶಾರ್ಕ್ ಮಾತ್ರ ಹೋಗಲಿಲ್ಲ. ಅದರ ಸುತ್ತ ಅವಳು ಬಣ್ಣದ ಪೆನ್ನಿನಲ್ಲಿ ನಕ್ಷತ್ರ ಬರೆದಿದ್ದಳು.

ಹೆಸರಿನಲ್ಲಿ ತಿಮಿಂಗಿಲ ಇದ್ದರೂ ಇದು ಮೀನು. ಜಗತ್ತಿನ ಮೀನುಗಳಲ್ಲೆಲ್ಲ ಅತಿ ದೊಡ್ಡದು, ಒಂದು ಬಸ್ಸಿಗಿಂತಲೂ ಉದ್ದ ಬೆಳೆಯಬಲ್ಲದು. ಬೂದು ಮೈ ತುಂಬ ರಂಗೋಲಿಯ ಚುಕ್ಕಿ ಇಟ್ಟ ಹಾಗೆ ಬಿಳಿ ಚುಕ್ಕಿಗಳು. ಇಷ್ಟು ದೊಡ್ಡದಾದರೂ ತಿನ್ನುವುದು ನೀರಿನಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳನ್ನು, ಬಾಯಿ ತೆರೆದು ನೀರು ಸೋಸಿ. ಫಿಲಿಪ್ಪೀನ್ಸಿನಲ್ಲಿ ಇದಕ್ಕೆ ಬುತಾಂಡಿಂಗ್ ಎನ್ನುತ್ತಾರೆ. 1998ರಿಂದ ಅಲ್ಲಿ ಇದನ್ನು ಹಿಡಿಯುವುದು, ಮಾರುವುದು ಅಪರಾಧ. ನಮ್ಮ ಗುಜರಾತಿನ ಕಡಲಿಗೂ ಇದು ಬರುತ್ತದೆ.

ಪುಟ್ಟಿ ಅಣ್ಣನಿಗೆ ಫೋನ್ ಮಾಡಿದಳು. "ನೀನು ನೋಡಿದ್ದೀಯಾ?"

"ಮೊದಲನೇ ವರ್ಷ ಫ್ರೆಂಡ್ಸ್ ಜೊತೆ ಹೋಗಿದ್ದೆ. ಆಮೇಲೆ ಹೋಗಲಿಲ್ಲ."

"ಯಾಕೆ?"

ಅವನು ನಿಧಾನವಾಗಿ ಹೇಳಿದ. ತಿಮಿಂಗಿಲ ಶಾರ್ಕ್ ಸಮುದ್ರ ಸುತ್ತುವ ಅಲೆಮಾರಿ. ಒಂದು ಕಡೆ ದಿನವೂ ಕಾಣಸಿಗುವ ಪ್ರಾಣಿಯಲ್ಲ. ಓಸ್ಲೋಬಿನಲ್ಲಿ ದಿನಾ ಬೆಳಿಗ್ಗೆ ಸಿಗುತ್ತದೆ, ಏಕೆಂದರೆ ಅಲ್ಲಿ ದೋಣಿಯವರು ಕೈಯಿಂದ ಸಣ್ಣ ಸಿಗಡಿ ಹಾಕುತ್ತಾರೆ. ಸುಮಾರು 2011ರಿಂದ ಹೀಗೆ ನಡೆದಿದೆ. ತಿನ್ನುವ ಆಸೆಗೆ ಕೆಲವು ಶಾರ್ಕ್‌ಗಳು ಮುಂದಕ್ಕೆ ಹೋಗದೆ ತಿಂಗಳುಗಟ್ಟಲೆ ಅಲ್ಲೇ ಉಳಿಯುವುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ದೋಣಿಯ ಹತ್ತಿರವೇ ಬಂದು ಬಂದು ಮೈಮೇಲೆ ತಾಗಿದ ಗಾಯದ ಕಲೆಗಳೂ ಇವೆ. "ಅಲ್ಲಿಯ ಜನರನ್ನು ಕೆಟ್ಟವರು ಅನ್ನಬೇಡ ಪುಟ್ಟಿ. ಮೊದಲು ಮೀನು ಹಿಡಿದು ಕಷ್ಟದಲ್ಲಿ ಬದುಕುತ್ತಿದ್ದವರು. ಈಗ ಅವರ ಮಕ್ಕಳು ಸ್ಕೂಲಿಗೆ ಹೋಗುವುದು ಈ ದುಡ್ಡಿನಿಂದಲೇ. ಆದರೆ ನನಗೆ ಮತ್ತೆ ಹೋಗಲು ಮನಸ್ಸು ಬರಲಿಲ್ಲ. ನೀನು ಯೋಚಿಸು, ನೀನು ಹೇಳಿದರೆ ಕರೆದುಕೊಂಡು ಹೋಗ್ತೇನೆ" ಎಂದ.

ಆ ರಾತ್ರಿ ಪುಟ್ಟಿ ನನ್ನ ಪಕ್ಕದಲ್ಲಿ ಮಲಗಿ ತುಂಬ ಹೊತ್ತು ಹೊರಳಾಡಿದಳು. ಕೊನೆಗೆ ಕೇಳಿದಳು: "ಅಜ್ಜಿ, ದೇವಸ್ಥಾನದ ಹತ್ತಿರ ಮಂಗಗಳಿಗೆ ಬಾಳೆಹಣ್ಣು ಕೊಟ್ಟು ಕೊಟ್ಟು ಅವು ಕಾಡಿಗೇ ಹೋಗಲ್ಲ, ಕೈಚೀಲ ಕಿತ್ಕೊಳ್ತವೆ ಅಂತ ಅಜ್ಜ ಹೇಳ್ತಾರಲ್ಲ. ಇದೂ ಹಾಗೇನಾ?"

"ನಿನಗೆ ಏನನ್ನಿಸುತ್ತೆ?"

"ಹಾಗೇ ಅನ್ನಿಸುತ್ತೆ. ಆದರೂ ನೋಡಬೇಕು ಅಂತಲೂ ಅನ್ನಿಸುತ್ತೆ."

ಎರಡೂ ಒಟ್ಟಿಗೆ ಅನ್ನಿಸುವುದು ತಪ್ಪಲ್ಲ ಎಂದು ಹೇಳಿ ಮಲಗಿಸಿದೆ. ಬೆಳಿಗ್ಗೆ ನೋಡಿದರೆ ಓಸ್ಲೋಬಿನ ಮೇಲೆ ಪೆನ್ಸಿಲಿನಲ್ಲಿ ಒಂದು ತೆಳು ಗೆರೆ ಇತ್ತು. ಸಂಜೆ ಹೊತ್ತಿಗೆ ಅದು ಪೆನ್ನಿನ ಗೆರೆಯಾಗಿತ್ತು. ನಕ್ಷತ್ರ ಮಾತ್ರ ಹಾಗೇ ಉಳಿದಿತ್ತು. ನಾನು ಅದರ ಬಗ್ಗೆ ಮಾತೆತ್ತಲಿಲ್ಲ.

ಈಗ ಪಟ್ಟಿಯಲ್ಲಿ ದೊಡ್ಡ ಖಾಲಿ ಜಾಗ. ಅದನ್ನು ತುಂಬಿದ್ದು ಯಾರು ಗೊತ್ತೇ? ಬರುವುದಿಲ್ಲ ಎಂದಿದ್ದ ಅಜ್ಜ!

ಮಳೆಗಾಲದಲ್ಲಿ ತುಂಗಾ ನದಿಯ ಮಂಡಗದ್ದೆಗೆ ಬೆಳ್ಳಕ್ಕಿಗಳು ಗೂಡು ಕಟ್ಟಲು ಬರುತ್ತವಲ್ಲ, ನಮ್ಮ ಮನೆಯವರು ಪ್ರತಿ ವರ್ಷ ದುರ್ಬೀನು ಹಿಡಿದು ಅಲ್ಲಿಗೆ ಹೋಗುತ್ತಿದ್ದವರು. ಮಂಡಿ ನೋವು ಬಂದ ಮೇಲೆ ಬಿಟ್ಟರು. ಅಣ್ಣ ಫೋನಿನಲ್ಲಿ, "ಮಾಕ್ತಾನಿನ ಎದುರು ಒಲಾಂಗೊ ಅಂತ ಪುಟ್ಟ ದ್ವೀಪ ಇದೆ. ದೋಣಿಯಲ್ಲಿ ಅರ್ಧ ಗಂಟೆಯೊಳಗಿನ ದಾರಿ. ಅಲ್ಲಿ ಪಕ್ಷಿಧಾಮ ಇದೆ" ಎಂದಾಗ, ಆಚೆ ಕೋಣೆಯಲ್ಲಿ ಪೇಪರ್ ಓದುತ್ತಿದ್ದವರು ಪೇಪರ್ ಕೆಳಗಿಟ್ಟರು.

"ಯಾವ ಹಕ್ಕಿಗಳಂತೆ?"

ಒಲಾಂಗೊ ಫಿಲಿಪ್ಪೀನ್ಸಿನ ಮೊದಲ ರಾಮ್ಸಾರ್ ತಾಣ; 1994ರಲ್ಲಿ ಆ ಪಟ್ಟಿಗೆ ಸೇರಿತು. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ ಅದು. ನಮ್ಮ ರಂಗನತಿಟ್ಟು, ಅಘನಾಶಿನಿಯ ಅಳಿವೆ ಕೂಡ ಈಗ ಅದರಲ್ಲಿವೆ. ಚಳಿಗೆ ಸೈಬೀರಿಯ, ಚೀನಾದ ಕಡೆಯಿಂದ ಹೊರಟ ಹಕ್ಕಿಗಳು ಆಸ್ಟ್ರೇಲಿಯಾದ ತನಕ ಹೋಗುವ ಆಕಾಶದ ಹೆದ್ದಾರಿಯಲ್ಲಿ ಇದೊಂದು ಊಟದ ಹೋಟೆಲು ಎನ್ನಿ. ಏಪ್ರಿಲ್ ಎಂದರೆ ಅವು ವಾಪಸು ಉತ್ತರಕ್ಕೆ ಹೋಗುವ ಹೊತ್ತು. ಸಮುದ್ರ ಇಳಿದಾಗ ಕೆಸರು ತೆರೆದುಕೊಳ್ಳುತ್ತದೆ, ಹಕ್ಕಿಗಳು ಅಲ್ಲಿ ಕೊಕ್ಕು ಊರಿ ಹುಳ ಹೆಕ್ಕುತ್ತವೆ. ಅವುಗಳಿಗೆ ಯಾರೂ ಏನೂ ಹಾಕಬೇಕಾಗಿಲ್ಲ. ನಾವು ಮಾಡಬೇಕಾದ ಕೆಲಸ ಒಂದೇ: ದೂರದಲ್ಲಿ ಕೂತು ಸುಮ್ಮನೆ ನೋಡುವುದು.

"ಕೂತು ನೋಡೋದಾ?" ಎಂದಳು ಪುಟ್ಟಿ. "ಹಾಗಾದರೆ ಅದು ಅಜ್ಜನಿಗೆ ಆಗುತ್ತೆ!"

"ದೋಣಿ ಹತ್ತಬೇಕಲ್ಲ" ಎಂದರು ಅಜ್ಜ, ಅರ್ಧ ಮನಸ್ಸಿನಲ್ಲಿ.

ಅಣ್ಣ ಏನು ಮಾಡಿದ ಗೊತ್ತೇ? ಮುಂದಿನ ಭಾನುವಾರ ತಾನೇ ದೋಣಿಕಟ್ಟೆಗೆ ಹೋಗಿ ಬಂದ. ಎಷ್ಟು ಮೆಟ್ಟಿಲು, ಹಿಡಿದುಕೊಳ್ಳಲು ಏನಿದೆ, ಕೂರಲು ನೆರಳು ಎಲ್ಲಿದೆ ಎಂದು ಒಂದೊಂದನ್ನೂ ನೋಡಿ ಬರೆದು ಕಳಿಸಿದ. "ದೋಣಿಗೆ ಒಂದು ಹಲಗೆ ಇಡ್ತಾರೆ. ಪಕ್ಕದಲ್ಲಿ ಬಿದಿರಿನ ಗಳ ಹಿಡಿದಿರ್ತಾರೆ. ಇನ್ನೊಂದು ಕೈ ನಾನು ಹಿಡ್ಕೋತೇನೆ ಅಂತ ಅಜ್ಜನಿಗೆ ಹೇಳು" ಎಂದು ಕೊನೆಯ ಸಾಲು. ಮುಂದೆ ಡಾಕ್ಟರ್ ಆಗುವವನಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಇದೆಯೇ ಎಂದುಕೊಂಡೆ.

ಇನ್ನು ಊರಿನೊಳಗಿನ ದಿನ. ಇದಕ್ಕೆ ಅಜ್ಜನ ಹಳೆಯ ಇತಿಹಾಸದ ಪುಸ್ತಕ ಹೊರಬಂತು. ಭೂಮಿಯನ್ನು ಸುತ್ತಲು ಹೊರಟ ಮೆಗಲನ್ ಹೆಸರು ನಿಮ್ಮ ಪಾಠದಲ್ಲಿ ಬರುತ್ತದಲ್ಲ, ಅವನು ಪೋರ್ಚುಗೀಸನಾದರೂ ಸ್ಪೇನಿನ ಪರವಾಗಿ 1519ರಲ್ಲಿ ಐದು ಹಡಗು, ಸುಮಾರು 270 ಜನರೊಂದಿಗೆ ಹೊರಟ. 1521ರ ಏಪ್ರಿಲ್ 7ರಂದು ಬಂದಿಳಿದದ್ದು ಇದೇ ಸೆಬುವಿಗೆ. ಆಗ ಅಲ್ಲಿ ಆಳುತ್ತಿದ್ದವನ ಹೆಸರು ರಾಜಾ ಹುಮಾಬೋನ್. "ರಾಜಾ?" ಎಂದು ಪುಟ್ಟಿ ಕಣ್ಣರಳಿಸಿದಳು. ಹೌದು, ನಮ್ಮದೇ ರಾಜ. ವ್ಯಾಪಾರದ ಹಡಗುಗಳ ಜೊತೆ ಎಷ್ಟೋ ಸಂಸ್ಕೃತ ಪದಗಳು ಆ ದ್ವೀಪಗಳಿಗೆ ಹೋಗಿದ್ದವು. ಇಂದಿಗೂ ಫಿಲಿಪಿನೋ ಭಾಷೆಯಲ್ಲಿ ಮೇಷ್ಟರಿಗೆ 'ಗುರೊ', ಮುಖಕ್ಕೆ 'ಮುಖಾ' ಎನ್ನುತ್ತಾರೆ.

ಹುಮಾಬೋನ್ ಮೆಗಲನ್ನನ ಸ್ನೇಹ ಮಾಡಿ ಕ್ರೈಸ್ತನಾದ. ಆದರೆ ಎದುರಿನ ಮಾಕ್ತಾನ್ ದ್ವೀಪದ ಲಾಪುಲಾಪು ಎಂಬ ನಾಯಕ ತಲೆಬಾಗಲಿಲ್ಲ. ಏಪ್ರಿಲ್ 27ರ ಬೆಳಿಗ್ಗೆ ಮೆಗಲನ್ ಯುದ್ಧಕ್ಕೆ ಹೋದ. ತೀರದಲ್ಲಿ ನೀರು ಆಳವಿಲ್ಲ, ತುಂಬ ಬಂಡೆಗಳು. ಹಡಗು ಹತ್ತಿರ ಬರಲಾಗಲಿಲ್ಲ. ಸೈನಿಕರು ನೀರಿನಲ್ಲಿ ಕಾಲೆಳೆದುಕೊಂಡು ನಡೆಯಬೇಕಾಯಿತು. ಮೆಗಲನ್ ಅಲ್ಲೇ ಸತ್ತ. 1522ರಲ್ಲಿ ಸ್ಪೇನಿಗೆ ಮರಳಿದ್ದು ವಿಕ್ಟೋರಿಯಾ ಎಂಬ ಒಂದೇ ಹಡಗು, ಅದರಲ್ಲಿ 18 ಜನ.

"ಹಾಗಾದರೆ ಮೆಗಲನ್ ಹೀರೋನಾ, ಲಾಪುಲಾಪು ಹೀರೋನಾ?" ಎಂದಳು ಪುಟ್ಟಿ. ಮಾಕ್ತಾನಿನ ಒಂದೇ ಅಂಗಳದಲ್ಲಿ ಮೆಗಲನ್ನನ ಸ್ಮಾರಕ ಸ್ತಂಭವೂ ಇದೆ, ಲಾಪುಲಾಪುವಿನ ದೊಡ್ಡ ಪ್ರತಿಮೆಯೂ ಇದೆ. ಅಲ್ಲಿ ನಿಂತು ನೀನೇ ಹೇಳು ಎಂದರು ಅಜ್ಜ. ಇನ್ನೊಂದು ಸಂಗತಿಯನ್ನೂ ಹೇಳಿದರು: ಇದೇ ಮೆಗಲನ್ 1505ರಲ್ಲಿ ಪೋರ್ಚುಗೀಸ್ ನೌಕಾಪಡೆಯ ಜೊತೆ ಭಾರತಕ್ಕೆ ಹೊರಟು ಬಂದವನು. ಆ ಪಡೆ ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ಕೋಟೆ ಕಟ್ಟಿತ್ತು. ಅದೇ ಪೋರ್ಚುಗೀಸರನ್ನು ಮುಂದೆ ಉಳ್ಳಾಲದ ಅಬ್ಬಕ್ಕ ಎದುರಿಸಿದಳು. "ಹಾಗಾದರೆ ಲಾಪುಲಾಪು ಅವರ ಅಬ್ಬಕ್ಕ!" ಎಂದು ಪುಟ್ಟಿ ತೀರ್ಪು ಕೊಟ್ಟೇಬಿಟ್ಟಳು.

ಊರಿನ ಹಳೆಯ ಭಾಗದಲ್ಲಿ ನೋಡುವಂಥದ್ದು ಎಲ್ಲ ಹತ್ತಿರ ಹತ್ತಿರ ಇವೆ. ಮೂರು ಮೂಲೆಯ ಸ್ಯಾನ್ ಪೆದ್ರೊ ಕೋಟೆ. ಮೆಗಲನ್ ನೆಡಿಸಿದ ಶಿಲುಬೆ. ಭಕ್ತರು ಪವಿತ್ರವೆಂದು ಚೂರು ಚೂರು ಕೆತ್ತಿಕೊಂಡು ಹೋಗುತ್ತಿದ್ದರಂತೆ, ಅದಕ್ಕೇ ಮೂಲ ಶಿಲುಬೆಗೆ ಹೊರಗಿನಿಂದ ಮರದ ಕವಚ ಹಾಕಿದ್ದಾರೆ ಎನ್ನುತ್ತಾರೆ. ಪಕ್ಕದಲ್ಲೇ ಸಾಂಟೊ ನಿನ್ಯೊ ಬೆಸಿಲಿಕಾ. ನಿನ್ಯೊ ಎಂದರೆ ಮಗು. ಮೆಗಲನ್ ರಾಣಿಗೆ ಕೊಟ್ಟ ಬಾಲಯೇಸುವಿನ ಪುಟ್ಟ ಮೂರ್ತಿ, 44 ವರ್ಷದ ಮೇಲೆ ಸುಟ್ಟ ಮನೆಯೊಂದರಲ್ಲಿ ಸಿಕ್ಕಿತು. ಅದು ಇಂದಿಗೂ ಅಲ್ಲಿದೆ. 2013ರ ಭೂಕಂಪದಲ್ಲಿ ಈ ಚರ್ಚಿನ ಗಂಟೆಗೋಪುರ ಕುಸಿದಿತ್ತು, ಮತ್ತೆ ಕಟ್ಟಿದರು. 2025ರ ಸೆಪ್ಟೆಂಬರ್‌ನಲ್ಲಿ ದ್ವೀಪದ ಉತ್ತರ ಭಾಗ ಮತ್ತೆ ನಡುಗಿತು. ಚಂಡಮಾರುತಗಳೂ ಆ ದೇಶಕ್ಕೆ ಹೊಸದಲ್ಲ. ಬಿದ್ದದ್ದನ್ನು ಎತ್ತಿ ನಿಲ್ಲಿಸುವುದು ಅವರಿಗೆ ಅಭ್ಯಾಸವಾಗಿದೆ.

ಅಜ್ಜಿಯಂದಿರಿಗೆ ಒಂದೇ ಚಿಂತೆ: ಊಟ! ಸೆಬುವಿನ ಹೆಮ್ಮೆ ಇಡೀ ಹಂದಿಯನ್ನು ಕೆಂಡದ ಮೇಲೆ ಸುಡುವ ಲೆಚೋನ್. ಮೀನಂತೂ ಎಲ್ಲೆಲ್ಲೂ, ತರಕಾರಿ ಪಲ್ಯಕ್ಕೂ ಮೀನಿನ ಸಾರ ಬಿದ್ದಿರಬಹುದು. ನಮ್ಮಂಥ ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ಆದರೆ ಪುಸೊ ಎಂದು ಒಂದಿದೆ: ತೆಂಗಿನ ಗರಿಯ ಪುಟ್ಟ ಬುಟ್ಟಿ ಹೆಣೆದು, ಅಕ್ಕಿ ತುಂಬಿ ಬೇಯಿಸಿದ ಅನ್ನ. ಚಿತ್ರ ನೋಡಿದ ಕೂಡಲೇ ನಾನು, "ಇದು ನಮ್ಮ ಕೊಟ್ಟೆ ಕಡುಬಿನ ದಾಯಾದಿ!" ಎಂದೆ. ಬೆಳಗಿನ ತಿಂಡಿಗೆ ಪುತೊ ಮಾಯಾ: ತೆಂಗಿನಹಾಲು, ಶುಂಠಿ ಹಾಕಿದ ಅಂಟು ಅಕ್ಕಿಯ ತಿನಿಸು, ಜೊತೆಗೆ ಮಾವಿನಹಣ್ಣು. ಸೆಬುವಿನ ಒಣ ಮಾವು ದೇಶದೇಶಕ್ಕೆ ಹೋಗುತ್ತದೆ. ಇನ್ನೇನು ಬೇಕು? ಚಟ್ನಿಪುಡಿ ನನ್ನ ಚೀಲದಲ್ಲಿರುತ್ತದೆ.

ಪ್ರವಾಸ ಹೊರಡುವ ಹಿರಿಯರು ಗಂಟಿಗೆ ಇವನ್ನೂ ಕಟ್ಟಿಕೊಳ್ಳಿ. 2025ರ ಜೂನ್‌ನಿಂದ ಭಾರತೀಯರು 14 ದಿನದ ತನಕ ವೀಸಾ ಇಲ್ಲದೆ ಪ್ರವಾಸಿಗರಾಗಿ ಹೋಗಬಹುದು. ಆದರೆ ಆರು ತಿಂಗಳಾದರೂ ಬಾಕಿ ಇರುವ ಪಾಸ್‌ಪೋರ್ಟು, ವಾಪಸು ಬರುವ ಟಿಕೆಟ್ಟು, ಉಳಿಯುವ ಜಾಗದ ಕಾಗದ, ಖರ್ಚಿಗೆ ಹಣವಿದೆ ಎಂಬ ದಾಖಲೆ ಬೇಕು. ಇಳಿಯುವ ಮುಂಚಿನ ಮೂರು ದಿನದೊಳಗೆ ಇ-ಟ್ರಾವೆಲ್ ಎಂಬ ಅರ್ಜಿ ತುಂಬಬೇಕು, ಅದಕ್ಕೆ ದುಡ್ಡಿಲ್ಲ. ಹದಿನೈದು ವರ್ಷದೊಳಗಿನ ಮಕ್ಕಳು ಅಪ್ಪ-ಅಮ್ಮ ಇಲ್ಲದೆ ಅಜ್ಜ-ಅಜ್ಜಿಯ ಜೊತೆ ಹೋಗುವುದಾದರೆ ಬೇರೆಯೇ ಅನುಮತಿ ಬೇಕು; ನಮ್ಮ ಮಗಳು ಜೊತೆಗೆ ಬರುತ್ತಿರುವುದಕ್ಕೆ ಅದೂ ಒಂದು ಕಾರಣ. ನಿಯಮಗಳು ಬದಲಾಗುತ್ತವೆ, ಹೊರಡುವ ಮುಂಚೆ ಮತ್ತೊಮ್ಮೆ ವಿಚಾರಿಸಿ. ಒಂದು ಪೆಸೊ ಎಂದರೆ ಸುಮಾರು ಒಂದೂವರೆ ರೂಪಾಯಿ. ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಬಿ.ಪಿ. ಮಾತ್ರೆ, ಡಾಕ್ಟರ ಚೀಟಿ ಕೈಚೀಲದಲ್ಲೇ ಇರಲಿ. ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ಬೇಕೆಂದು ಟಿಕೆಟ್ ಮಾಡುವಾಗಲೇ ಹೇಳಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಕೊನೆಗೆ ಪುಟ್ಟಿಯ ಹೊಸ ಪುಟ ಹೀಗಿದೆ:

ಮೊದಲ ದಿನ, ಬಿಸಿಲೇರುವ ಮುಂಚೆ: ಕೋಟೆ, ಶಿಲುಬೆ, ಬೆಸಿಲಿಕಾ. ಅಜ್ಜ – ಕಥೆ ಹೇಳುವವರು.

ಎರಡನೇ ದಿನ, ಸಮುದ್ರ ಇಳಿಯುವ ಹೊತ್ತು ನೋಡಿಕೊಂಡು: ಒಲಾಂಗೊ. ಬರುವಾಗ ಲಾಪುಲಾಪು ಪ್ರತಿಮೆ. ಅಜ್ಜ – ಹಕ್ಕಿಗಳ ಹೆಸರು ಹೇಳುವವರು.

ಮೂರನೇ ದಿನ: ಏನೂ ಇಲ್ಲ. ಅಣ್ಣನ ರೂಮು, ಅಣ್ಣ ದಿನಾ ಹೋಗುವ ದಾರಿ, ಅಣ್ಣನ ಕೈಯಡುಗೆ. ಎಲ್ಲರೂ – ವಿಶ್ರಾಂತಿ.

ಹದಿನೇಳರಲ್ಲಿ ಉಳಿದದ್ದು ಐದು. ಕೆಳಗೆ ಅಣ್ಣ ಕಲಿಸಿದ ನಾಲ್ಕು ಸೆಬುವಾನೊ ಮಾತುಗಳು: ಬೆಳಗಿನ ನಮಸ್ಕಾರಕ್ಕೆ 'ಮಾಯೊಂಗ್ ಬುಂತಗ್', ಧನ್ಯವಾದಕ್ಕೆ 'ಸಲಾಮತ್', ರುಚಿಯಾಗಿದೆ ಎನ್ನಲು 'ಲಾಮಿ'. ನಾಲ್ಕನೆಯದು ಅಜ್ಜನಿಗೆಂದೇ: 'ಹಿನಾಯ್ ಹಿನಾಯ್', ಅಂದರೆ ನಿಧಾನ ನಿಧಾನ. ಅಲ್ಲಿ ಅಜ್ಜನಿಗೆ 'ಲೋಲೊ', ಅಜ್ಜಿಗೆ 'ಲೋಲಾ'. ಹಿರಿಯರನ್ನು ಕಂಡರೆ ಮಕ್ಕಳು ಅವರ ಕೈ ಹಿಡಿದು ತಮ್ಮ ಹಣೆಗೆ ಮುಟ್ಟಿಸಿಕೊಳ್ಳುತ್ತಾರೆ. ಪುಟ್ಟಿ ಅದನ್ನು ಈಗಲೇ ಅಭ್ಯಾಸ ಮಾಡುತ್ತಿದ್ದಾಳೆ.

ಹೊಸ ಪುಟವನ್ನು ಅಜ್ಜನ ಕೈಗೆ ಕೊಟ್ಟಳು. ಅವರು ಓದಿದರು. ಮೂರನೇ ದಿನದ ಸಾಲನ್ನು ಎರಡು ಸಲ ಓದಿದರು ಎಂದು ನನಗನ್ನಿಸಿತು. ಏನೂ ಹೇಳದೆ ಒಳಗೆ ಹೋದರು. ಪುಟ್ಟಿ ನನ್ನ ಮುಖ ನೋಡಿದಳು. ಸ್ವಲ್ಪ ಹೊತ್ತಿಗೆ ಕಪಾಟಿನ ಬಾಗಿಲು ತೆರೆದ ಸದ್ದು, ಆಮೇಲೆ ಅವರ ದನಿ:

"ಏನೇ, ನನ್ನ ದುರ್ಬೀನು ಎಲ್ಲಿಟ್ಟಿದ್ದೀಯ?"

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ಮೂರು ದಿನಕ್ಕೆ ನಿಮ್ಮ ಊರಿಗೆ ನೆಂಟರು ಬರುತ್ತಾರೆ ಎಂದುಕೊಳ್ಳಿ. ಅವರಲ್ಲಿ ಒಬ್ಬರಿಗೆ ಹೆಚ್ಚು ನಡೆಯಲು ಆಗುವುದಿಲ್ಲ. ಅಜ್ಜ-ಅಜ್ಜಿಯ ಜೊತೆ ಕೂತು ಒಂದು ಪಟ್ಟಿ ಮಾಡಿ. ಐದೇ ಜಾಗ. ಯಾರೂ ರೂಮಿನಲ್ಲಿ ಉಳಿಯಬಾರದು. ಬರೆದು ನನಗೆ ಕಳಿಸಿ. ಸೆಬುವಿನ ಹಕ್ಕಿಗಳ ಸುದ್ದಿಯನ್ನು ಬಂದ ಮೇಲೆ ಹೇಳುತ್ತೇನೆ. ಅಲ್ಲಿಯವರೆಗೆ, ಹಿನಾಯ್ ಹಿನಾಯ್!